ಅರವತ್ನಾಲ್ಕು ಎಂದು ಕೂಗಿದವನು

ಸುಬ್ರಹ್ಮಣ್ಯನನ್ನು ಕೆಟ್ಟವನು ಎನ್ನುವವರ ಬಾಯಲ್ಲಿ ಹುಳ ಬೀಳಲಿ. ವೈಟ್‌ಫೀಲ್ಡಿನ ಒಂದೇ ಕಂಪನಿಯ ಒಂದೇ ಮಹಡಿಯಲ್ಲಿ, ಏಸಿ ಗಾಳಿ ನೇರ ಕುತ್ತಿಗೆಗೆ ಬಡಿಯುವ ಮೂಲೆಯಲ್ಲಿ ಕೂತು ತಲೆಗೂದಲು ನರೆಸಿಕೊಂಡ ಮನುಷ್ಯ ಅವನು. ಯಾರ ಮೇಲೂ ಚಾಡಿ ಹೇಳಿದವನಲ್ಲ, ಯಾರ ಬಡ್ತಿಗೂ ಅಡ್ಡಗಾಲು ಹಾಕಿದವನಲ್ಲ. ಆದರೂ ಅವನ ಜೀವದ ಗೆಳೆಯ ಬಾಲಾಜಿಯ ಕೆಲಸಕ್ಕೆ ಕಲ್ಲು ಬಿದ್ದದ್ದು ಅವನ ಬಾಯಿಂದಲೇ. ಒಂದು ಸಂಖ್ಯೆಯನ್ನು ಜೋರಾಗಿ ಕೂಗಿದ, ಅಷ್ಟೇ. ಅದೂ ಎಂಥ ಹೊತ್ತಿನಲ್ಲಿ? ಆಯುಧಪೂಜೆಯ ಮಂಗಳಾರತಿಯ ಹೊತ್ತಿನಲ್ಲಿ! ಹಣೆಬರಹ ಅಂದರೆ ಇದೇ ಇರಬೇಕು.

ಅವನು ಹುಟ್ಟಿ ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಟರ್ನರ್ ಆಗಿದ್ದರು. ವರ್ಷಕ್ಕೊಮ್ಮೆ, ಆಯುಧಪೂಜೆಗೆ, ಕಾರ್ಖಾನೆಯ ಗೇಟು ಮನೆಮಂದಿಗೆಲ್ಲ ತೆರೆಯುತ್ತಿತ್ತು. ಅಪ್ಪ ತಮ್ಮ ಲೇತ್ ಯಂತ್ರವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಮಗನಿಂದ ನಮಸ್ಕಾರ ಮಾಡಿಸುತ್ತಿದ್ದರು. “ಇವತ್ತು ಇದನ್ನ ಓಡಿಸ್ಬಾರ್ದು ಕಣೋ, ವರ್ಷವೆಲ್ಲ ದುಡಿದಿದೆ” ಎನ್ನುತ್ತಿದ್ದರು. ಹುಡುಗ ಡಿಪ್ಲೊಮಾ ಓದಿದ. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬರುತ್ತಿದ್ದ ಸಿ.ಡಿ.ಯಿಂದ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಕಲಿತ. ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ, ವತ್ಸಲಾಳನ್ನು ಮದುವೆಯಾಗಿ ಬ್ರೂಕ್‌ಫೀಲ್ಡಿನಲ್ಲಿ ಮನೆ ಮಾಡಿದ. ಅಲ್ಲಿಗೆ ಅವನ ಬದುಕಿನ ದೊಡ್ಡ ಸಂಗತಿಗಳೆಲ್ಲ ಮುಗಿದವು. ಮಿಕ್ಕಿದ್ದೆಲ್ಲ ಬಾಲಾಜಿ.

ಬಾಲಾಜಿಯೂ ಅದೇ ವಾರ ಕೆಲಸಕ್ಕೆ ಸೇರಿದವನು. ಸುಬ್ರಹ್ಮಣ್ಯ ಎಷ್ಟು ಮೌನಿಯೋ ಇವನು ಅಷ್ಟು ಬಾಯಿಬಡುಕ. ಊರಿನ ರಕ್ತಪರೀಕ್ಷೆಯ ಲ್ಯಾಬುಗಳನ್ನು ನಡೆಸುವ ಒಂದು ದೊಡ್ಡ ಸಂಸ್ಥೆ ಇವರ ಕಂಪನಿಗೆ ಗಿರಾಕಿ. ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರುತ್ತಾರಲ್ಲ, ಅದರ ಲೆಕ್ಕಾಚಾರ ಮಾಡಿ ವರದಿ ಹೊರಡಿಸುವ ಎರಡು ಸರ್ವರ್‌ಗಳು ಇಲ್ಲಿದ್ದವು. ಒಂದು ಸುಬ್ರಹ್ಮಣ್ಯನ ಪಾಲಿಗೆ, ಇನ್ನೊಂದು ಬಾಲಾಜಿಯ ಪಾಲಿಗೆ. ಹೆಸರಿಗಷ್ಟೇ ಪಾಲು. ಬಾಲಾಜಿ ಟೀ ಕುಡಿಯಲು ಎದ್ದರೆ ಸುಬ್ರಹ್ಮಣ್ಯ ಅವನ ಕುರ್ಚಿಗೆ ಜರುಗಿ, ತೆರೆದಿದ್ದ ಪರದೆಯಲ್ಲೇ ಕೆಲಸ ಮುಂದುವರಿಸುತ್ತಿದ್ದ. ಇವನು ಊಟಕ್ಕೆ ಹೋದರೆ ಅವನು ಬಂದು ಕೂರುತ್ತಿದ್ದ. ಹಾಗೆ ಮಾಡಬಾರದೆಂದು ಕಂಪನಿಯವರು ಗೋಡೆಗೆ ಒಂದು ಫಲಕ ಬೇರೆ ಹೊಡೆಸಿದ್ದರು. ಅದರ ಮೊಳೆಗೆ ಇವರು ಊಟದ ಚೀಲ ನೇತುಹಾಕಿಕೊಂಡಿದ್ದರು.

ಆ ವರ್ಷ ಗಿರಾಕಿ ಸಂಸ್ಥೆಗೆ ಹೊಸ ಸರ್ವರ್ ಬಂತು. ಕಂಪನಿಯ ದೊಡ್ಡ ಸಾಹೇಬರು ಅದನ್ನು ಆಯುಧಪೂಜೆಗೇ ಚಾಲೂ ಮಾಡಬೇಕೆಂದು ಹಟ ಹಿಡಿದರು. ಆಫೀಸುಗಳಲ್ಲಿ ಹಬ್ಬದ ಹಿಂದಿನ ದಿನವೇ ಪೂಜೆ ಮುಗಿಸುವ ರೂಢಿ, ಇಲ್ಲೂ ಹಾಗೇ. ಆದರೆ ಸರ್ವರ್ ಇರುವ ತಣ್ಣನೆ ಕೋಣೆಯೊಳಗೆ ಕರ್ಪೂರ ಹಚ್ಚಿದರೆ ಬೆಂಕಿಯ ಗಂಟೆ ಬಡಿದುಕೊಂಡು ಇಡೀ ಕಟ್ಟಡ ಬೀದಿಗೆ ಬರುತ್ತದೆ. ಅದಕ್ಕೇ ಹೊರಗೆ ಮೇಜಿನ ಮೇಲೆ ಒಂದು ಕಂಪ್ಯೂಟರ್ ಪರದೆ ಇಟ್ಟು, ಅದಕ್ಕೇ ಹಾರ ಹಾಕಿ, ಅದಕ್ಕೇ ಕುಂಕುಮ ಹಚ್ಚಿದರು. ಗಿರಾಕಿ ಸಂಸ್ಥೆಯ ಅಧಿಕಾರಿ ಜುಬ್ಬಾ ಹಾಕಿಕೊಂಡು ಬಂದಿದ್ದ. ಪುರೋಹಿತರು ಮಂಗಳಾರತಿಗೆ ಕರ್ಪೂರ ಹಚ್ಚಿದವರು ತಲೆಯೆತ್ತಿ, “ಯಂತ್ರದ ವಿವರ ಹೇಳಿ, ಎಷ್ಟು ಶಕ್ತಿಯದ್ದು?” ಎಂದರು.

“ಸುಬ್ಬು, ಎಷ್ಟು ಪ್ರೊಸೆಸರ್ ಇದೆ ನೋಡಿ ಹೇಳಪ್ಪ, ಜೋರಾಗಿ!” ಎಂದರು ಸಾಹೇಬರು.

ಆರತಿ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಸುಬ್ರಹ್ಮಣ್ಯ ಹಾರವನ್ನು ಒಂದು ಕೈಯಲ್ಲಿ ಸರಿಸಿ, ಪ್ರೊಸೆಸರ್ ಎಣಿಸಿ ಹೇಳುವ ಐದಕ್ಷರದ ಆದೇಶವನ್ನು ಒತ್ತಿದ. ಪರದೆಯ ಮೇಲೆ ಅಂಕೆ ಬಂತು.

“ಅರವತ್ನಾಲ್ಕು ಸಾರ್!”

“ಆಹಾ! ಅರವತ್ನಾಲ್ಕು ವಿದ್ಯೆ!” ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಪುರೋಹಿತರಿಗೂ ಖುಷಿಯಾಗಿ ಅದನ್ನು ಮಂತ್ರದೊಳಗೇ ಸೇರಿಸಿಬಿಟ್ಟರು. ಹಳೆಯ ಸರ್ವರ್ ಒಂದೊಂದರಲ್ಲಿ ಮೂವತ್ತೆರಡು ಇದ್ದದ್ದು ಸಾಹೇಬರಿಗೆ ಗೊತ್ತಿತ್ತು. “ಅಂದ್ರೆ ಆ ಎರಡೂ ಸೇರಿ ಇದೊಂದಕ್ಕೆ ಸಮ. ಎರಡನ್ನೂ ಮುಚ್ಚಿ, ಎಲ್ಲ ಇದಕ್ಕೇ ಹಾಕಿ!” ಎಂದು ಗಿರಾಕಿಯ ಕೈಕುಲುಕಿ ಅಲ್ಲೇ ಮಾತು ಕೊಟ್ಟರು. ಸಂಜೆಯೊಳಗೆ ಆ ಸರ್ವರಿನ ಹೆಸರೇ ‘ಅರವತ್ನಾಲ್ಕು ವಿದ್ಯೆ’ ಎಂದಾಯಿತು.

ಆ ಹೊತ್ತಿನಲ್ಲಿ ಬಾಲಾಜಿ ಎಲ್ಲಿದ್ದ? ಕೆಳಗೆ ಮೆಟ್ಟಿಲ ಬುಡದಲ್ಲಿ ಬೂದುಗುಂಬಳ ಹಿಡಿದು ನಿಂತಿದ್ದ. ದೃಷ್ಟಿ ತೆಗೆದು ಕುಂಬಳ ಒಡೆಯುವುದು ಪ್ರತಿವರ್ಷ ಅವನದೇ ಪಾಳಿ. ಒಡೆದವನು ಹಿಂದೆ ತಿರುಗಿ ನೋಡಬಾರದು ಎನ್ನುವುದು ಅವನ ದೊಡ್ಡ ನೇಮ. ಅವನೇನಾದರೂ ಮೇಲಿದ್ದು ಆ ಅಂಕೆಯನ್ನು ಕೇಳಿದ್ದರೆ “ಲೋ, ತಡ್ಕೊ” ಎಂದು ಅಲ್ಲೇ ಬಾಯಿ ಹಾಕುತ್ತಿದ್ದ. ಅವನು ಮೇಲೆ ಬರುವಷ್ಟರಲ್ಲಿ ಎಲ್ಲರ ಬಾಯಲ್ಲೂ ಲಾಡು ಇತ್ತು. ಆಮೇಲೆ ಕೇಳಿದ ‘ಅರವತ್ನಾಲ್ಕು ವಿದ್ಯೆ’ ಅವನಿಗೆ ಸಾಹೇಬರ ಅಲಂಕಾರದ ಮಾತಾಗಿಯಷ್ಟೇ ಕೇಳಿಸಿತು.

ದೀಪಾವಳಿ ಕಳೆದ ಮೇಲೆ ಬಾಲಾಜಿಯನ್ನು ಒಳಗೆ ಕರೆದರು. ಕರೆದವರು ಶೋಭಾರಾಣಿ, ಇಬ್ಬರಿಗೂ ಮ್ಯಾನೇಜರ್. ಎರಡು ಸರ್ವರ್ ಇದ್ದಾಗ ಇಬ್ಬರು, ಈಗ ಒಂದೇ ಸರ್ವರ್, ಒಬ್ಬರು ಸಾಕು. ಹಳೆಯದರ ಕೆಲಸವನ್ನೆಲ್ಲ ಹೊಸದಕ್ಕೆ ಸಾಗಿಸಿ, ನೋಟಿಸಿನ ಅವಧಿ ಮುಗಿಸಿ ಹೊರಡಬೇಕು. ಬಾಲಾಜಿ ಹೊರಗೆ ಬಂದು ಗೆಳೆಯನ ಪಕ್ಕ ಕೂತು, “ಗುರು, ನಂಗೆ ಗೇಟ್‌ಪಾಸ್” ಎಂದ. ನಕ್ಕ. ನಗು ಅರ್ಧಕ್ಕೇ ನಿಂತಿತು.

ಕೆಲಸ ಹೋಗುವುದೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಬಾಲಾಜಿಯ ಹೆಂಡತಿ ಜ್ಯೋತಿಲಕ್ಷ್ಮಿಗೆ ಗರ್ಭಕೋಶದಲ್ಲಿ ಗೆಡ್ಡೆ. ರಕ್ತ ಹೋಗಿ ಹೋಗಿ ಮುಖ ಸುಣ್ಣದಂತಾಗಿತ್ತು. ರಕ್ತದ ಪ್ರಮಾಣ ಒಂದಿಷ್ಟು ಏರಲಿ, ಆಮೇಲೆ ಆಪರೇಷನ್ ಎಂದು ಡಾಕ್ಟರು ದಿನ ಮುಂದಕ್ಕೆ ಹಾಕಿದ್ದರು. ಅದೆಲ್ಲ ನಡೆಯಬೇಕಾದದ್ದು ಕಂಪನಿಯ ವಿಮೆಯಲ್ಲಿ. ಕೆಲಸದ ಕೊನೆಯ ದಿನ ವಿಮೆಗೂ ಕೊನೆಯ ದಿನ. ಪುಣ್ಯಕ್ಕೆ ಆಪರೇಷನ್ನಿನ ದಿನ ನೋಟಿಸಿನ ಅವಧಿಯೊಳಗೇ ಬಿದ್ದಿತ್ತು. “ಅಷ್ಟು ದಿನ ಕುರ್ಚಿ ಬಿಡ್ದೆ ಅಂಟ್ಕೊಂಡ್ ಕೂತಿರ್ತೀನಿ ಮಗಾ” ಎಂದಿದ್ದ ಬಾಲಾಜಿ.

ಇತ್ತ ಹೊಸ ಸರ್ವರಿನ ಬಣ್ಣ ಬಯಲಾಗತೊಡಗಿತು. ಎರಡೂ ಹಳೆಯ ಸರ್ವರ್‌ಗಳ ಹೊರೆ ಅದರ ಮೇಲೆ ಬೀಳುತ್ತಿದ್ದಂತೆ ಬೆಳಗಿನ ಹೊತ್ತು ವರದಿಗಳು ಸಾಲುಗಟ್ಟಿ ನಿಂತವು. ಮಧ್ಯಾಹ್ನಕ್ಕೆ ಬರಬೇಕಾದದ್ದು ಸಂಜೆಗೆ ಬಂತು. ವಿಚಿತ್ರವೆಂದರೆ ಪರದೆ ನೋಡಿದರೆ ಸರ್ವರ್ ಅರ್ಧದಷ್ಟೇ ದುಡಿಯುತ್ತಿದೆ ಎಂದು ತೋರಿಸುತ್ತಿತ್ತು, ಶೇಕಡಾ ಐವತ್ತು. ಗಿರಾಕಿ ಸಂಸ್ಥೆಯ ಅಧಿಕಾರಿ ಫೋನಿನಲ್ಲಿ ಕಿರುಚಾಡಿದ. “ಅರ್ಧ ಮೆಷಿನ್ ಖಾಲಿ ಕೂತಿದೆಯಲ್ರೀ! ಕೆಲ್ಸ ಮಾಡ್ಸೋಕೆ ಬರಲ್ವಾ ನಿಮ್ಗೆ?”

ಖಾಲಿ ಇರುವ ಯಂತ್ರ ಏದುಸಿರು ಬಿಡುವುದೇಕೆ? ಸುಬ್ರಹ್ಮಣ್ಯ ತಲೆ ಕೆರೆದುಕೊಂಡ. ಕೊನೆಗೆ ಬರೀ ಎಣಿಕೆ ಹೇಳುವ ಆದೇಶ ಬಿಟ್ಟು ಪ್ರೊಸೆಸರಿನ ಪೂರ್ತಿ ಜಾತಕ ತೆಗೆಯುವ ಇನ್ನೊಂದು ಆದೇಶ ಕೊಟ್ಟ. ಸಾಲುಗಳು ಒಂದರ ಕೆಳಗೊಂದು ಬಂದವು. ಚಿಪ್‌ಗಳು ಎರಡು. ಒಂದೊಂದು ಚಿಪ್‌ನಲ್ಲಿ ಲೆಕ್ಕ ಮಾಡುವ ಕೋರ್ ಹದಿನಾರು. ಒಂದೊಂದು ಕೋರಿಗೆ ಥ್ರೆಡ್, ಅಂದರೆ ಕೆಲಸದ ಎಳೆ, ಎರಡು. ಎರಡು ಹದಿನಾರು ಮೂವತ್ತೆರಡು. ನಿಜವಾಗಿ ದುಡಿಯುವ ಕೋರುಗಳು ಮೂವತ್ತೆರಡೇ. ಒಂದೇ ಕೋರನ್ನು ಎರಡು ಕೆಲಸಗಳಿಗೆ ಹಂಚುವ ಹೈಪರ್‌ಥ್ರೆಡಿಂಗ್ ಚಾಲೂ ಇದ್ದದ್ದರಿಂದ ಲಿನಕ್ಸ್ ಒಂದೊಂದನ್ನೂ ಎರಡೆಂದು ಎಣಿಸಿ ಅರವತ್ನಾಲ್ಕು ಎಂದಿತ್ತು. ಮೂವತ್ತೆರಡೂ ಉಸಿರುಗಟ್ಟಿ ದುಡಿಯುವಾಗ ಪರದೆ ಅದನ್ನು ಅರವತ್ನಾಲ್ಕರ ಅರ್ಧ ಎಂದು ತೋರಿಸುತ್ತಿತ್ತು. ಲಿನಕ್ಸ್ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಇವನು ಕೇಳಿದ ಪ್ರಶ್ನೆಯೇ ಅರ್ಧಂಬರ್ಧವಾಗಿತ್ತು.

ಭಾನುವಾರ ಅವನು ದೊಡ್ಡನೆಕ್ಕುಂದಿಯ ಬಾಲಾಜಿಯ ಮನೆಗೆ ಓಡಿದ. ಮೆಟ್ಟಿಲ ಮೇಲೆ ಕೂತಿದ್ದ ಮನೆಯೊಡತಿ ಚಿಕ್ಕಮುನಿಯಮ್ಮ, “ಬಾ ಸಾಮಿ, ಒಳಗವ್ರೆ, ಆಯಮ್ಮಂಗೆ ಇವತ್ತೂ ಉಸಾರಿಲ್ಲ” ಎಂದು ದಾರಿ ಬಿಟ್ಟಳು. ಹೊರವರ್ತುಲ ರಸ್ತೆ ಬರುವ ಮೊದಲು ಆ ಜಾಗದಲ್ಲಿ ಅವಳ ಮನೆಯವರು ರಾಗಿ ಬೆಳೆಯುತ್ತಿದ್ದರು. ಈಗ ಬಾಡಿಗೆ ಬೆಳೆಯುತ್ತಾರೆ. ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಳು. ಬಾಗಿಲು ಎರಡು, ಕರೆಂಟ್ ಮೀಟರ್ ಎರಡು, ಬಚ್ಚಲುಮನೆ ಮಾತ್ರ ನಡುವಿನಲ್ಲಿ ಒಂದೇ. ಅದಕ್ಕೆ ಆ ಕಡೆಯಿಂದೊಂದು ಬಾಗಿಲು, ಈ ಕಡೆಯಿಂದೊಂದು ಬಾಗಿಲು.

ಸುಬ್ರಹ್ಮಣ್ಯ ವಿಷಯ ಹೇಳುತ್ತಿದ್ದಂತೆ ಬಾಲಾಜಿ ಹಣೆ ಹಣೆ ಚಚ್ಚಿಕೊಂಡ. “ಲೋ! ಹಳೇ ಸರ್ವರ್ ಎರಡ್ರಲ್ಲೂ ಆ ಹೈಪರ್‌ಥ್ರೆಡಿಂಗ್ ನಾನೇ ಆಫ್ ಮಾಡಿದ್ದೆ ಕಣೋ! ಆ ಚಿಪ್‌ಗಳಲ್ಲಿ ಕಳ್ಳರು ನುಗ್ಗೋಕೆ ಸಂದಿ ಇದೆ ಅಂತ ಸುದ್ದಿ ಎದ್ದಿತ್ತಲ್ಲ, ಆವಾಗ. ಅದಕ್ಕೇ ಅಲ್ಲಿ ಮೂವತ್ತೆರಡು ಅಂದ್ರೆ ಮೂವತ್ತೆರಡೇ. ಇಲ್ಲಿ ಅರವತ್ನಾಲ್ಕು ಅಂದ್ರೂ ಮೂವತ್ತೆರಡೇ. ಹೊಸ್ದು ಅಂತ ಸ್ವಲ್ಪ ಚುರುಕಿರುತ್ತೆ, ಅಷ್ಟೇ.”

“ಮರ್ತೇಬಿಟ್ಟಿದ್ದೆ ಕಣೋ” ಎಂದ ಸುಬ್ರಹ್ಮಣ್ಯ.

ಅಷ್ಟರಲ್ಲಿ ಬಚ್ಚಲಿನ ಆ ಕಡೆಯ ಬಾಗಿಲು ದಬದಬ ಬಡಿಯಿತು. ಪಕ್ಕದ ಬಾಡಿಗೆದಾರ. ಒಳಗೆ ಜ್ಯೋತಿಲಕ್ಷ್ಮಿ ಇದ್ದಳು. “ಒಂದ್ ನಿಮಿಷ ಅಣ್ಣಾ” ಎಂದು ಅವಳ ದನಿ ಸೋತು ಬಂತು. ಬಾಲಾಜಿ ಗೋಡೆಯತ್ತ ಕೈ ತೋರಿಸಿದ. “ನೋಡು, ಇದೇ ಕಣೋ ನಿನ್ನ ಅರವತ್ನಾಲ್ಕು. ಪಕ್ಕದವ್ರು ಊರಿಗೆ ಹೋಗಿದ್ದಾಗ ಸಕ್ಕತ್ತಾಗಿರುತ್ತೆ. ಬೆಳಿಗ್ಗೆ ಎಂಟು ಗಂಟೆಗೆ ಬಾ, ಗೊತ್ತಾಗುತ್ತೆ. ನಮ್ಮ ಚಿಕ್ಕಮುನಿಯಮ್ಮನ್ನ ಕೇಳು, ಎರಡು ಮನೆ ಅಂತಾರೆ.”

“ಊಂ ಮತ್ತೆ, ಎಲ್ಡು ಮನೇನೇ!” ಎಂದಳು ಚಿಕ್ಕಮುನಿಯಮ್ಮ ಹೊರಗಿನಿಂದ. “ಕಾರ್ಪೊರೇಸನ್ನೋರೇ ಬಂದು ಎಲ್ಡು ಅಂತ ನಂಬರ್ ಒಡ್ಸವ್ರೆ, ನಿಂದೇನು ಇಂಗೆ?”

ಅಂಥ ಸಂಕಟದಲ್ಲೂ ಇಬ್ಬರಿಗೂ ನಗು ಬಂತು. ಯಾಕೆಂದರೆ ಆ ಭಾನುವಾರ ಅವರಲ್ಲಿ ಒಂದು ಆಸೆ ಚಿಗುರಿತ್ತು. ನಿಜ ಹೇಳಿದರೆ ಸಾಕು. ಒಂದು ಹಳೆಯ ಸರ್ವರನ್ನಾದರೂ ಮತ್ತೆ ಎಬ್ಬಿಸಬೇಕಾಗುತ್ತದೆ. ಎರಡು ಸರ್ವರ್ ಎಂದರೆ ಇಬ್ಬರು. ಬಾಲಾಜಿಯ ಕುರ್ಚಿ ಉಳಿಯುತ್ತದೆ. ಜ್ಯೋತಿಲಕ್ಷ್ಮಿ ಹೊರಬಂದು ಗೋಡೆ ಹಿಡಿದುಕೊಂಡೇ ಕಾಫಿ ಮಾಡಿಕೊಟ್ಟಳು. “ಹೇಳಿ ಅಣ್ಣ, ನೀವು ಹೇಳಿದ್ರೆ ಕೇಳ್ತಾರೆ” ಎಂದಳು. ಆ ಮಾತನ್ನು ಸುಬ್ರಹ್ಮಣ್ಯ ಇಂದಿಗೂ ಮರೆತಿಲ್ಲ.

ಸೋಮವಾರ ಅವನು ಶೋಭಾರಾಣಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ದಡ್ಡಿಯಲ್ಲ, ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. “ಸುಬ್ರಹ್ಮಣ್ಯ, ಸಾಹೇಬ್ರು ದೇವರ ಮುಂದೆ ಕ್ಲೈಂಟಿಗೆ ಮಾತು ಕೊಟ್ಟಿದ್ದಾರೆ. ಈಗ ಹೋಗಿ ಅರವತ್ನಾಲ್ಕಲ್ಲ, ಮೂವತ್ತೆರಡು ಅಂದ್ರೆ ನನ್ನ ಮುಖಕ್ಕೆ ಉಗೀತಾರೆ. ನೀವು ಪ್ರೂವ್ ಮಾಡಿ ತೋರ್ಸಿ. ಆಮೇಲೆ ನಾನು ಮೇಲೆ ಮಾತಾಡ್ತೀನಿ.”

ತೋರಿಸುವುದೇನು ಮಹಾ ಕಷ್ಟ? ಹೈಪರ್‌ಥ್ರೆಡಿಂಗ್ ನಿಲ್ಲಿಸಬೇಕು, ಅಷ್ಟೇ. ಅರವತ್ನಾಲ್ಕು ನಿಜವೇ ಆಗಿದ್ದರೆ ಕೆಲಸ ಅರ್ಧಕ್ಕೆ ಇಳಿಯಬೇಕು. ಸುಳ್ಳಾಗಿದ್ದರೆ ಒಂಚೂರು ಕುಂಟೀತು, ಅಷ್ಟೇ. ಮಾರನೆಯ ಬೆಳಿಗ್ಗೆ ಹೊರೆ ಏರಿದ ಹೊತ್ತು ನೋಡಿಕೊಂಡು ಸುಬ್ರಹ್ಮಣ್ಯ ಸಿದ್ಧನಾದ. ಬಾಲಾಜಿ ಟೀಗೆ ಹೋಗಿದ್ದ. ಅವನ ಪರದೆಯಲ್ಲಿ ಹೊಸ ಸರ್ವರ್ ತೆರೆದೇ ಇತ್ತು. ಇಷ್ಟು ವರ್ಷ ಮಾಡಿದ ಹಾಗೇ, ಒಂದು ಕ್ಷಣವೂ ಯೋಚಿಸದೆ, ಸುಬ್ರಹ್ಮಣ್ಯ ಆ ಕುರ್ಚಿಗೆ ಜರುಗಿ ಆದೇಶ ಒತ್ತಿದ. ಅಯ್ಯೋ, ಯಾರಾದರೂ ಆಗ ಅವನ ಕೈ ಹಿಡಿಯಬಾರದಿತ್ತೇ!

ಅರವತ್ನಾಲ್ಕು ಇದ್ದದ್ದು ಮೂವತ್ತೆರಡಾಯಿತು. ವರದಿಗಳ ವೇಗ ಒಂದಿಷ್ಟು ತಗ್ಗಿತು, ಅರ್ಧಕ್ಕೆ ಬೀಳಲಿಲ್ಲ, ಅದರ ಹತ್ತಿರಕ್ಕೂ ಹೋಗಲಿಲ್ಲ. ಸುಬ್ರಹ್ಮಣ್ಯನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಸಿಕ್ಕಿತು ಪುರಾವೆ! ಪರದೆಯ ಫೋಟೊ ತೆಗೆದುಕೊಂಡು ಶೋಭಾರಾಣಿಯ ಕೋಣೆಗೆ ಹೊರಟ.

ಅವನು ಮರೆತದ್ದು ಒಂದನ್ನು. ಗಿರಾಕಿ ಸಂಸ್ಥೆಯವರು ತಮ್ಮ ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಟೀವಿ ಹಾಕಿಕೊಂಡಿದ್ದರು. ಹೊಸ ಸರ್ವರಿನ ಕ್ಷೇಮಸಮಾಚಾರ ಅದರಲ್ಲಿ ಸದಾ ಕಾಣುತ್ತಿತ್ತು. ಪ್ರೊಸೆಸರಿಗೊಂದರಂತೆ ಇದ್ದ ಅರವತ್ನಾಲ್ಕು ಹಸಿರು ಚೌಕಗಳಲ್ಲಿ ಅರ್ಧಕ್ಕರ್ಧ ಒಮ್ಮೆಲೇ ಕೆಂಪಾದವು. ಅಲ್ಲಿ ಹಾಹಾಕಾರ! ಅರ್ಧ ಸರ್ವರ್ ಸತ್ತುಹೋಯಿತು ಎಂದು ಅಧಿಕಾರಿ ನೇರ ಸಾಹೇಬರಿಗೇ ಫೋನ್ ಹಚ್ಚಿದ. ಇಷ್ಟು ದಿನ ವರದಿ ತಡವಾಗುತ್ತಿದ್ದದ್ದು ಇದರಿಂದಲೇ, ನಿಮ್ಮವರು ಯಾರೋ ಬೇಕೆಂದೇ ಕಿತ್ತುಹಾಕುತ್ತಿದ್ದಾರೆ, ನೋಟಿಸ್ ಕೊಟ್ಟ ಮನುಷ್ಯನೊಬ್ಬ ಇದ್ದಾನಂತಲ್ಲ ಎಂದೆಲ್ಲ ಕೂಗಾಡಿದ. ಯಾರ ಹೆಸರಿನಿಂದ ನಿಲ್ಲಿಸಲಾಗಿದೆ ಎಂದು ಸಾಹೇಬರು ಕೇಳಿದರು. ಯಂತ್ರ ತನಗೆ ಗೊತ್ತಿದ್ದನ್ನು ಹೇಳಿತು. ಬಾಲಾಜಿ.

ಸುಬ್ರಹ್ಮಣ್ಯ ಶೋಭಾರಾಣಿಯ ಕೋಣೆಗೆ ಕಾಲಿಡುವಷ್ಟರಲ್ಲಿ ಬಾಲಾಜಿ ಆಗಲೇ ಅಲ್ಲಿ ನಿಂತಿದ್ದ. ಟೀಯಂಗಡಿಯಿಂದ ಹಾಗೇ ಎಳೆತಂದಿದ್ದರು. “ನಾನೇ ಮಾಡಿದ್ದು ಮೇಡಂ” ಎನ್ನುತ್ತಿದ್ದ. ಹೇಗೂ ಹೋಗುವವನು ತಾನು, ಗೆಳೆಯನನ್ನೇಕೆ ಎಳೆಯುವುದು ಎಂದು ಅವನ ಲೆಕ್ಕ. ಬೈಯಬಹುದು, ಅದಕ್ಕಿಂತ ಹೆಚ್ಚೇನು ಮಾಡಿಯಾರು ಎಂದುಕೊಂಡಿದ್ದ.

“ಇಲ್ಲ ಮೇಡಂ, ನಾನು! ಅವ್ನು ಕೆಳಗಿದ್ದ. ಕುರ್ಚಿಲಿ ಕೂತಿದ್ದು ನಾನು!” ಸುಬ್ರಹ್ಮಣ್ಯ ಅಷ್ಟು ಜೋರಾಗಿ ಮಾತಾಡಿದ್ದು ಪೂಜೆಯ ದಿನ ಬಿಟ್ಟರೆ ಆವತ್ತೇ. “ನೀವೇ ಪ್ರೂವ್ ಮಾಡಿ ಅಂದಿದ್ರಿ. ಇಲ್ನೋಡಿ ಫೋಟೊ, ಇದು ಮೂವತ್ತೆರಡೇ!”

ಶೋಭಾರಾಣಿ ಫೋಟೊ ನೋಡಲಿಲ್ಲ. ಬಾಗಿಲು ಹಾಕಿ ಬಂದಳು. “ಗೊತ್ತು ಕಣ್ರೀ ನಂಗೆ, ಯಾರು ಮಾಡಿದ್ದು ಅಂತ. ಈಗೇನ್ ಮಾಡ್ಲಿ ಹೇಳಿ? ಹೆಸರು ಕ್ಲೈಂಟಿಗೆ ಹೋಗಾಯ್ತು. ನಿಮ್ಮ ಹೆಸರೂ ಕೊಟ್ರೆ ಇಬ್ರೂ ಮನೆಗೆ. ನಾಳೆ ಬೆಳಿಗ್ಗೆ ಅದನ್ನ ನೋಡ್ಕೊಳ್ಳೋರು ಯಾರು?” ಆಕೆಯ ಕಣ್ಣಲ್ಲೂ ನೀರಿತ್ತು. ಆ ನೀರಿನಿಂದ ಯಾರಿಗೂ ಏನೂ ಆಗಲಿಲ್ಲ.

ನೋಟಿಸಿನ ಅವಧಿ ರದ್ದು. ಅವತ್ತೇ ಹೊರಗೆ. ಗುರುತಿನ ಚೀಟಿ ಕೊಟ್ಟು, ಮೊಳೆಯಿಂದ ತನ್ನ ಊಟದ ಚೀಲ ತೆಗೆದುಕೊಂಡಾಗಷ್ಟೇ ಬಾಲಾಜಿಗೆ ಹೊಳೆಯಿತು. “ಗುರು... ಜ್ಯೋತಿ ಆಪರೇಷನ್...” ಎಂದ. ಕೆಲಸದ ಕೊನೆಯ ದಿನ ವಿಮೆಗೂ ಕೊನೆಯ ದಿನ. ಆ ದಿನ ಇದೇ. ಸುಬ್ರಹ್ಮಣ್ಯ ಶೋಭಾರಾಣಿಯ ಕೋಣೆಗೆ ಮತ್ತೆ ಓಡಿದ, ಅಲ್ಲಿಂದ ಸಾಹೇಬರ ಕೋಣೆಗೆ ಓಡಿದ. ಸಾಹೇಬರು, “ಸುಬ್ಬು, ನೀನು ಒಳ್ಳೆಯವನು, ಇದರಲ್ಲಿ ತಲೆ ಹಾಕ್ಬೇಡ” ಎಂದು ಬೆನ್ನು ತಟ್ಟಿ ಕಳಿಸಿದರು.

ಹೈಪರ್‌ಥ್ರೆಡಿಂಗ್ ಮತ್ತೆ ಚಾಲೂ ಆಯಿತು, ಚೌಕಗಳೆಲ್ಲ ಹಸಿರಾದವು. ಕಳೆದುಹೋಗಿದ್ದ ಮೂವತ್ತೆರಡು ಮರಳಿ ಬಂದ ಮೇಲೆ ವರದಿಗಳು ಎಷ್ಟೋ ಚುರುಕಾಗಿವೆ ಎಂದು ಗಿರಾಕಿ ಅಧಿಕಾರಿ ಹೊಗಳಿದ. ಮೊದಲಿಗಿಂತ ಒಂದೂ ಚುರುಕಾಗಿರಲಿಲ್ಲ. ಕೇಳಿಸಿಕೊಂಡ ಸುಬ್ರಹ್ಮಣ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಬಾಲಾಜಿ ಕೆಲಸ ಹುಡುಕುತ್ತಲೇ ಇದ್ದ. ಎಲೆಕ್ಟ್ರಾನಿಕ್ ಸಿಟಿಯವರೆಗೂ ಹೋಗಿ ಬಂದ. ಎಲ್ಲಿ ಹೋದರೂ ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು, ಹೊರಡುವ ಮುಂಚೆ ಸರ್ವರ್ ಹಾಳುಮಾಡಿದ ಮನುಷ್ಯ ಎಂಬ ಉತ್ತರ ಬರುತ್ತಿತ್ತು. ಕೊನೆಗೆ ಬಾಡಿಗೆ ಕಾರು ಓಡಿಸಲು ಶುರುಮಾಡಿದ. ಜ್ಯೋತಿಲಕ್ಷ್ಮಿಯನ್ನು ಸರ್ಕಾರಿ ಆಸ್ಪತ್ರೆಗೆ ತೋರಿಸಿದರು. ಅಲ್ಲಿಯ ಡಾಕ್ಟರು, ಹೊರಗೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ, ಪ್ರಮಾಣ ಸರಿಯಿದ್ದರೆ ದಿನ ಕೊಡುತ್ತೇವೆ ಎನ್ನುತ್ತಿದ್ದರು. ದಿನ ಕೊಡುವಷ್ಟರಲ್ಲಿ ಮತ್ತೆ ರಕ್ತ ಇಳಿದಿರುತ್ತಿತ್ತು. ಸುಬ್ರಹ್ಮಣ್ಯ ಭಾನುವಾರ ಹೋಗುವುದನ್ನು ಬಿಡಲಿಲ್ಲ. ಬಾಲಾಜಿಯೂ ಮುಖ ತಿರುಗಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀನು ಬೇಕಂತ ಮಾಡಿದ್ದಲ್ವಲ್ಲ, ಬಿಡು” ಎನ್ನುತ್ತಿದ್ದ. ಆ ‘ಬಿಡು’ ಕೇಳಲಾರದೆ ಸುಬ್ರಹ್ಮಣ್ಯ ಬೇಗ ಎದ್ದು ಬರುತ್ತಿದ್ದ. ಆಫೀಸಿನಲ್ಲಿ ಅವನು ಎರಡು ಕುರ್ಚಿಯ ಕೆಲಸವನ್ನು ಒಬ್ಬನೇ ಎಳೆಯುತ್ತಿದ್ದ. ವತ್ಸಲಾ ತಟ್ಟೆ ಮುಂದಿಟ್ಟರೆ ಅನ್ನ ಕಲಸಿ ಹಾಗೇ ಕೂತಿರುತ್ತಿದ್ದ.

ಮತ್ತೆ ಆಯುಧಪೂಜೆ ಬಂತು. ಅದೇ ಮೇಜು, ಅದೇ ಪರದೆ, ಹೊಸ ಹಾರ. ಜುಬ್ಬಾ ಹಾಕಿಕೊಂಡ ಅದೇ ಅಧಿಕಾರಿ. ಬೂದುಗುಂಬಳ ಒಡೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಸುಬ್ರಹ್ಮಣ್ಯನ ಕಡೆ ನೋಡಿದರು. ಬಾಲಾಜಿಯ ಕೆಲಸಗಳೆಲ್ಲ ಈಗ ಅವನದೇ ಅಲ್ಲವೇ? ಕುಂಬಳ ಹಿಡಿದು ಅವನು ಮೆಟ್ಟಿಲಿಳಿಯುತ್ತಿದ್ದಾಗ ಜೇಬಿನಲ್ಲಿ ಫೋನ್ ಅದುರಿತು.

“ಗುರು, ಬಿಜಿ ಇದ್ದೀಯಾ?” ಬಾಲಾಜಿಯ ದನಿಯಲ್ಲಿ ಆಸ್ಪತ್ರೆಯ ಗದ್ದಲ ಬೆರೆತಿತ್ತು. “ಬೆಳಿಗ್ಗೆನೇ ಜ್ಯೋತಿ ರಕ್ತ ಕೊಟ್ಟಿದ್ವಿ, ನಿಮ್ಮ ಲ್ಯಾಬ್‌ಗೇ. ಇನ್ನೂ ರಿಪೋರ್ಟ್ ಬಂದಿಲ್ಲ. ಡಾಕ್ಟ್ರು ಇನ್ನೇನು ಎದ್ದೋಗ್ತಾರೆ. ಇವತ್ತು ತೋರಿಸಿದ್ರೆ ಹಬ್ಬ ಆದ ತಕ್ಷಣ ಆಪರೇಷನ್ ಮಾಡ್ತಾರಂತೆ. ತಪ್ಪಿದ್ರೆ ಮತ್ತೆ ಮೊದ್ಲಿಂದ. ಸ್ವಲ್ಪ ನೋಡ್ತೀಯಾ?”

ನೋಡುವುದೇನಿದೆ? ಒಬ್ಬರ ವರದಿಯನ್ನು ಮುಂದಕ್ಕೆ ತಳ್ಳುವ ಅಧಿಕಾರ ಅವನಿಗಿಲ್ಲ. ಮೇಲೆ ಗಾಜಿನ ಬಾಗಿಲಿನಾಚೆ, ಹಾರದ ಸಂದಿಯಲ್ಲಿ, ಪರದೆ ಅವನಿಗೆ ಕಾಣುತ್ತಿತ್ತು. ಶೇಕಡಾ ಐವತ್ತು. ಮೂವತ್ತೆರಡು ಕೋರುಗಳು ಏದುಸಿರು ಬಿಡುತ್ತಿದ್ದವು, ಜ್ಯೋತಿಲಕ್ಷ್ಮಿಯ ವರದಿ ಆ ಸಾಲಿನಲ್ಲಿ ಎಲ್ಲೋ ನಿಂತಿತ್ತು.

“ಬರುತ್ತೆ ಕಣೋ... ಕ್ಯೂನಲ್ಲಿದೆ” ಎಂದ.

“ಸುಬ್ಬು!” ಮೇಲಿನಿಂದ ಸಾಹೇಬರ ಕೂಗು ಬಂತು. “ಪುರೋಹಿತ್ರು ಮಂಗಳಾರತಿಗೆ ಕೇಳ್ತಿದ್ದಾರೆ! ಎಷ್ಟು ಅಂತ ಹೇಳಪ್ಪ, ಹೋದ ವರ್ಷದ ಹಾಗೆ, ಜೋರಾಗಿ!”

ಎಲ್ಲರೂ ಮೆಟ್ಟಿಲ ತುದಿಗೆ ಬಂದು ಅವನನ್ನೇ ನೋಡುತ್ತಿದ್ದರು. ಅಧಿಕಾರಿ ನಗುತ್ತಿದ್ದ. ಶೋಭಾರಾಣಿ ನಗುತ್ತಿರಲಿಲ್ಲ, ಅವಳು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಮೂವತ್ತೆರಡು ಎನ್ನುವ ಮಾತು ಸುಬ್ರಹ್ಮಣ್ಯನ ಗಂಟಲಿಗೆ ಬಂತು. ಬಂದು ಅಲ್ಲೇ ನಿಂತಿತು. ಈಗ ಹೇಳಿದರೆ ಯಾರು ಮರಳಿ ಬರುತ್ತಾರೆ? ಮನೆಯಲ್ಲಿ ವತ್ಸಲಾ ಇದ್ದಾಳೆ. ತನಗೂ ವಯಸ್ಸಾಯಿತು. ಒಂದು ಕೈಯಲ್ಲಿ ಕುಂಬಳ, ಇನ್ನೊಂದು ಕೈಯಲ್ಲಿ ಫೋನ್ ಕಿವಿಗೇ ಇತ್ತು.

“ಅರವತ್ನಾಲ್ಕು ಸಾರ್!” ಎಂದು ಕೂಗಿದ.

ಮೇಲೆ ಚಪ್ಪಾಳೆ ಬಿತ್ತು. ಫೋನಿನಲ್ಲಿ ಬಾಲಾಜಿಯ ಹಿಂದೆ ಯಾರೋ ನರ್ಸ್ ಯಾರದೋ ಹೆಸರು ಕರೆಯುತ್ತಿದ್ದಳು.

“ಪೂಜೆನಾ ಗುರು? ಇವತ್ತೇ ಅಲ್ವಾ, ಮರ್ತಿದ್ದೆ” ಎಂದ ಬಾಲಾಜಿ. “ಬೂದುಗುಂಬ್ಳ ನೀನೇ ಒಡೀತಿದ್ದೀಯಾ? ಒಡೆದ್ಮೇಲೆ ಹಿಂದೆ ತಿರುಗಿ ನೋಡ್ಬೇಡ ಕಣೋ.”

ಫೋನ್ ಕಟ್ಟಾಯಿತು. ಸುಬ್ರಹ್ಮಣ್ಯ ಕೆಳಗಿಳಿದು ಕುಂಬಳವನ್ನು ನೆಲಕ್ಕೆ ಬಡಿದ, ಒಳಗಿನ ಕುಂಕುಮ ಅವನ ಪ್ಯಾಂಟಿಗೆಲ್ಲ ಸಿಡಿಯಿತು. ಹಿಂದೆ ತಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋಗಿ, ಯಾರೋ ಕೈಗಿಟ್ಟ ಲಾಡುವನ್ನು ಹಿಡಿದುಕೊಂಡು ಬಾಲಾಜಿಯ ಕುರ್ಚಿಯಲ್ಲಿ ಕೂತ. ಜ್ಯೋತಿಲಕ್ಷ್ಮಿಯ ವರದಿ ಹೊರಬಂದಾಗ ಡಾಕ್ಟರು ಎದ್ದು ಹೋಗಿ ಬಹಳ ಹೊತ್ತಾಗಿತ್ತು.